ಶುಕ್ರವಾರದ ತನಕ ಮಾರಬೇಡಿ

ಕಾಲ್ಗೂರ್ಲಿ

ಷೇರು ದಲ್ಲಾಳಿ ಶ್ರೀ ಟ್ರೆಲೋರ್ ಅವರಿಗೆ,

ನನ್ನ ಹಿಂದಿನ ಪತ್ರದ ಒಂದು ತಪ್ಪನ್ನು ತಿದ್ದಬೇಕಾಗಿದೆ. ನಾವು ಷೇರು ಕೊಂಡಿರುವ ಚಿನ್ನ ಶೋಧನಾ ಕಂಪನಿಯ ಕೊರೆಯುವ ತಂಡವು ವಸತಿಗೃಹದ ಕೋಣೆಗಳನ್ನು ಇನ್ನೊಂದು ತಿಂಗಳು ಉಳಿಸಿಕೊಂಡಿದೆ, ಆದ್ದರಿಂದ ಚಿನ್ನ ಸಿಕ್ಕಿರಲೇಬೇಕು, ಮಾರಬೇಡಿ ಎಂದು ಬರೆದಿದ್ದೆ. ಈ ಊರಿನಲ್ಲಿ ಎಲ್ಲರೂ ಹಾಗೆಯೇ ಲೆಕ್ಕ ಹಾಕುತ್ತಾರೆ. ನಿನ್ನೆ ಮಾಂಸದಂಗಡಿಯಲ್ಲಿ ಆ ತಂಡದ ಕೆವಿನ್ ಸಿಕ್ಕಿದ. ನನ್ನ ಹಳೆಯ ವಿದ್ಯಾರ್ಥಿ.

"ಚಿನ್ನ ಎಲ್ಲಿಂದ ಬಂತು ಸಾರ್? ಯಂತ್ರ ಕೆಟ್ಟು ಕೂತಿದೆ, ಬಿಡಿಭಾಗಕ್ಕೆ ಕಾಯ್ತಿದೀವಿ. ನಾವಿಲ್ಲಿ ಬಿಯರ್ ಕುಡಿದಷ್ಟೂ ಊರೋರು ಷೇರು ಕೊಳ್ತಾರೆ!" ಎಂದು ನಕ್ಕ.

ಕೋಣೆಗಳ ಸುದ್ದಿಯನ್ನು ಆಸ್ಪತ್ರೆಯಲ್ಲಿದ್ದ ನನ್ನ ಪತ್ನಿ ವಿನಿಫ್ರೆಡ್‌ಗೂ ಹೇಳಿದ್ದೆ. "ನೋಡಿದ್ಯಾ ಡೆಸ್! ನಾನು ಮನೆಗೆ ಬರೋಕ್ ಮುಂಚೆ ಮಾರಿದ್ರೆ ಗ್ರಹಚಾರ ಬಿಡಿಸ್ತೀನಿ," ಎಂದಿದ್ದಳು. ಭಾನುವಾರ ಆಕೆ ತೀರಿಕೊಂಡಳು.

ದಯವಿಟ್ಟು ಷೇರುಗಳನ್ನೆಲ್ಲ ಮಾರಿಬಿಡಿ. ಆದರೆ ಶುಕ್ರವಾರ ಅಂತ್ಯಸಂಸ್ಕಾರ ಮುಗಿದ ಮೇಲೆ. ಅಷ್ಟರಲ್ಲಿ ಯಂತ್ರದ ಸುದ್ದಿ ಹರಡಿ ಬೆಲೆ ಕುಸಿದಿರುತ್ತದೆ ಎಂಬುದನ್ನು ಬಲ್ಲೆ. ಅಲ್ಲಿಯವರೆಗೆ ಅವಳ ಮಾತು ನಡೆಯಲಿ.

ತಮ್ಮ ವಿಶ್ವಾಸಿ,
ಡೆಸ್ಮಂಡ್ ಪಾಸ್ಕೋ
ಬುಧವಾರ, 14 ಆಗಸ್ಟ್ 1996, ಬೆಳಗ್ಗೆ 9 ಗಂಟೆ 10 ನಿಮಿಷ