ತುಳಸಿನೀರಿಗೆ ಅಡ್ಡ ನಿಂತ ಅಧ್ಯಕ್ಷರಿಗೆ

ಮಾನ್ಯ ಅಧ್ಯಕ್ಷರೇ,

ಬೋಜನ ಬಾಯಿಗೆ ಕೊನೆಯ ತುಳಸಿನೀರು ಬೀಳದಂತೆ ತಡೆದವರು ನೀವು. ತಡೆದ ಮೇಲೆ ಆ ಪಾಪವನ್ನು ಮಹ್ರೂಫನ ತಲೆಗೆ ಕಟ್ಟಿದವರೂ ನೀವೇ. ನಾಂದಿಯಿಲ್ಲ, ಸ್ತುತಿಯಿಲ್ಲ, ಪರದೆಯನ್ನು ಕೈಯಿಂದಲೇ ಸರಿಸಿ ನೇರವಾಗಿ ರಂಗಕ್ಕೆ ನುಗ್ಗಿದ್ದೇನೆ, ಕ್ಷಮಿಸಬೇಕು. ಬರ್ಕಾದ ನಮ್ಮ ಕರಾವಳಿ ಕೂಟದ ವಾರ್ಷಿಕ ನಾಟಕದಲ್ಲಿ ಇಪ್ಪತ್ತು ವರ್ಷ ಯಮಧರ್ಮನ ಕಿರೀಟ ಹೊತ್ತವನು ನಾನು. ಪಿಸುಮಾತು ನನ್ನ ಗಂಟಲಿಗೆ ಒಗ್ಗಿದ್ದಲ್ಲ. ಕೂಟದ ಸಭೆಯಲ್ಲಿ ಕೇಳೋಣವೆಂದರೆ ಮೈಕು ನಿಮ್ಮ ಕೈಯಲ್ಲಿದೆ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ಈಗ ಅಡ್ಮಿನ್‌ಗಳ ಹೊರತು ಮಿಕ್ಕವರ ಬಾಯಿಗೆ ಬೀಗ. ಹಾಗಾಗಿ ಊರೆಲ್ಲ ಓದುವ ಪತ್ರಿಕೆಯಲ್ಲಿ, ಊರೆಲ್ಲ ಕೇಳುವ ದನಿಯಲ್ಲಿ ಬರೆಯುತ್ತಿದ್ದೇನೆ.

ನಮ್ಮನ್ನು ಅರಿಯದ ಓದುಗರಿಗಾಗಿ ಎರಡು ಮಾತು. ಬರ್ಕಾ ಎಂಬುದು ಒಮಾನಿನ ಕಡಲ ಬದಿಯ ಪೇಟೆ. ಒಂದು ಕಡೆ ಮೀನು ಮಾರುಕಟ್ಟೆ, ಇನ್ನೊಂದು ಕಡೆ ಖರ್ಜೂರದ ತೋಟಗಳು, ನಡುವೆ ಅಂಗಡಿಗಳು. ಆ ಅಂಗಡಿಗಳ ಒಳಗೂ ಮೇಲೂ ನಾವು, ಮಂಗಳೂರು, ಉಡುಪಿ ಕಡೆಯವರು. ಮಹ್ರೂಫ್ ಉಳ್ಳಾಲದ ಬ್ಯಾರಿ ಮುಸಲ್ಮಾನ, ದರ್ಜಿ. ಹಗಲಿಡೀ ಒಮಾನಿಗಳ ಬಿಳಿ ನಿಲುವಂಗಿ ಹೊಲಿದು, ಸಂಜೆ ನನ್ನ ಯಮನ ಕಪ್ಪು ಮಖಮಲ್ಲಿಗೆ ಜರಿ ಹಚ್ಚುತ್ತಿದ್ದವನು. ಬೋಜ ಪುತ್ತೂರಿನವನು, ತೋಟಗಳ ಪಂಪು ರಿಪೇರಿ ಮಾಡುತ್ತಿದ್ದವನು, ನಾಟಕದಲ್ಲಿ ನನ್ನ ಕಿಂಕರ. ನಾನು ಅಟ್ಟಹಾಸ ಮಾಡುತ್ತ ಬಂದು, "ಎಲವೋ ಕಿಂಕರಾ, ಎಳೆದು ತಾ ಆ ಪಾಪಿಯನ್ನು!" ಎಂದು ಗುಡುಗಿದರೆ, ಅವನು ಬರೆದದ್ದನ್ನೆಲ್ಲ ಬಿಟ್ಟು ಕೈ ಮುಗಿಯುತ್ತಿದ್ದ: "ಒಡೆಯಾ, ಜೀವ ಭಾರೀ ತೂಕ ಉಂಟು. ಒಬ್ಬನಿಂದ ಆಗುದಿಲ್ಲ, ಇನ್ನೊಂದು ಜನ ಕಳಿಸಿ!" ಜನ ಬಿದ್ದು ಬಿದ್ದು ನಗುತ್ತಿದ್ದರು. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ನೀವೂ ನಕ್ಕಿದ್ದೀರಿ ಅಧ್ಯಕ್ಷರೇ. ಆ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮಹ್ರೂಫನ ಅಂಗಡಿಯ ಹಿಂದೆ, ಏಸಿಯ ನೀರು ತೊಟ್ಟಿಕ್ಕುವಲ್ಲಿ, ಹಾಲುಪುಡಿಯ ದೊಡ್ಡ ಡಬ್ಬದಲ್ಲಿ ಒಂದು ತುಳಸಿ ಇದೆ. ಬೋಜ ಊರಿನಿಂದ ಬೀಜ ತಂದು ಹಾಕಿದ್ದು. ನಮ್ಮ ಮನೆಗಳ ಬಾಲ್ಕನಿಯ ತುಳಸಿಗಳೆಲ್ಲ ಜೂನ್ ತಿಂಗಳ ಬಿಸಿಲಿಗೆ ಸುಟ್ಟು ಕಡ್ಡಿಯಾದಾಗ ಇದೊಂದು ಬದುಕಿತು, ಏಕೆಂದರೆ ಬೋಜ ಏಸಿಯ ಪೈಪನ್ನು ತಿರುಗಿಸಿ ಡಬ್ಬಕ್ಕೇ ಬಿಟ್ಟಿದ್ದ, ಮಹ್ರೂಫ್ ಅದನ್ನು ಆಡಿನ ಬಾಯಿಂದ ಕಾಯುತ್ತಿದ್ದ. ಈ ಪೇಟೆಯಲ್ಲಿ ನಮ್ಮವರು ಯಾರು ಸತ್ತರೂ ಮೊದಲ ಫೋನ್ ಮಹ್ರೂಫನಿಗೆ. ಅವನು ತುಳಸಿಯ ಕುಡಿ ಚಿವುಟಿ, ಲೋಟದಲ್ಲಿ ನೀರು ಹಿಡಿದು ಶವಾಗಾರಕ್ಕೆ ಬರುತ್ತಿದ್ದ. ಶವವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚುವ ಮೊದಲು ಬಂಧುಗಳಿಗೆ ಸ್ವಲ್ಪ ಹೊತ್ತು ಸಿಗುತ್ತದಲ್ಲ, ಆಗ ನಾವು ಬಾಯಿಗೆ ನೀರು ಬಿಡುತ್ತಿದ್ದೆವು. ನಮ್ಮವರು ಯಾರೂ ಸಿಗದಿದ್ದರೆ ಅವನೇ ಬಿಡುತ್ತಿದ್ದ. ಅವರ ಕಡೆಯವರು ತೀರಿಕೊಂಡಾಗ ಬೋಜನೂ ನಾನೂ ನೀರು ಹೊತ್ತೆವು, ಗುಂಡಿಯ ಬದಿಯಲ್ಲಿ ನಿಂತೆವು. ನಮಾಜಿನ ಹೊತ್ತಿಗೆ ಅದು ನಮ್ಮದಲ್ಲವೆಂದು ಹಿಂದೆ ಸರಿದು ಕೈ ಕಟ್ಟಿಕೊಂಡೆವು. ಇಷ್ಟರಲ್ಲಿ ಯಾವ ದೇವರು ಮುನಿದ, ಯಾವ ಧರ್ಮ ಕೆಟ್ಟಿತು, ಹೇಳಿ ನೋಡೋಣ?

ಕೆಟ್ಟಿತು ಎಂದು ನೀವು ಕಂಡುಹಿಡಿದಿರಿ. ಅಧಿಕಾರ ವಹಿಸಿಕೊಂಡ ತಿಂಗಳಲ್ಲೇ ಕೂಟದ ಮರಣ ಸಹಾಯ ಗುಂಪನ್ನು ಒಡೆದು ಮೂರು ಮಾಡಿದಿರಿ: ಹಿಂದೂ, ಮುಸ್ಲಿಂ, ಕ್ರೈಸ್ತ. "ಆಯಾ ಧರ್ಮದವರ ಪಾರ್ಥಿವ ಶರೀರದ ಸೇವೆಯನ್ನು ಆಯಾ ಧರ್ಮದವರೇ ಮಾಡತಕ್ಕದ್ದು" ಎಂದು ಠರಾವು. ಎಂಥ ಗಂಭೀರ ಭಾಷೆ! "ಮಾಡತಕ್ಕದ್ದು" ಎಂದು ಬರೆದ ಮಹನೀಯರಲ್ಲಿ ಎಷ್ಟು ಮಂದಿ ಒಂದು ಶವಕ್ಕೆ ಹೆಗಲು ಕೊಟ್ಟಿದ್ದರು? ಬದುಕಿದ್ದಾಗ ಒಂದೇ ಅಂಗಡಿಯ ಚಹಾ, ವೀಸಾ ಕೊಟ್ಟ ಒಂದೇ ಕಫೀಲನ ಬೈಗುಳ, ಒಂದೇ ವ್ಯಾನಿನ ಹಿಂದಿನ ಸೀಟು. ಉಸಿರು ನಿಂತೊಡನೆ ಮೂರು ಬಾಗಿಲು! ಯಮನ ಪಾತ್ರ ಮಾಡಿದ ನನಗೇ ಇಂಥ ವಿಂಗಡಣೆ ಹೊಳೆದಿರಲಿಲ್ಲ ಸ್ವಾಮೀ. ಯಮನಿಗಿರುವುದು ಒಂದೇ ಕೋಣ.

ಈದ್ ಹಬ್ಬದ ದಿನ ತೋಟವೊಂದರಲ್ಲಿ ಪಂಪು ಕೆಟ್ಟಿತು, ಗಿಡಗಳು ಒಣಗುತ್ತವೆಂದು ಬೋಜ ಹೋದ. ಮಧ್ಯಾಹ್ನದ ಬಿಸಿಲಿನಲ್ಲಿ ಬಾವಿಯ ಕಟ್ಟೆಯ ಮೇಲೆಯೇ ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಸುದ್ದಿ ನಿಮ್ಮ ಹಿಂದೂ ಗುಂಪಿಗೆ ಬಿತ್ತು. ಏನು ಭಕ್ತಿ, ಏನು ಶ್ರದ್ಧೆ! ಗಳಿಗೆ ಕಳೆಯುವುದರೊಳಗೆ ಪರದೆಯ ತುಂಬ ಮುಗಿದ ಕೈಗಳು, "ಓಂ ಶಾಂತಿ"ಗಳು, ಉರಿಯುವ ದೀಪದ ಚಿತ್ರಗಳು. ಆ ದೀಪಗಳೆಲ್ಲ ಎಲ್ಲಿದ್ದವು ಗೊತ್ತೇ? ಈದ್ ರಜೆಯ ಪ್ರವಾಸದಲ್ಲಿ! ಕೆಲವು ದುಬೈಯಲ್ಲಿ, ಕೆಲವು ಸಲಾಲದಲ್ಲಿ. ಇನ್ನೊಬ್ಬರು ಹೋಗಿಯಾರು ಎಂದು ಪ್ರತಿಯೊಬ್ಬರೂ ನಂಬಿ ಕೈ ಮುಗಿದು ಮುಗಿಸಿದರು. ನಾನು ಕಂಪನಿಯ ಕೆಲಸದ ಮೇಲೆ ದೂರದ ಖಸಬ್ ಬಂದರಿನಲ್ಲಿ ಸಿಕ್ಕಿಬಿದ್ದಿದ್ದೆ. ಹಬ್ಬದ ದಟ್ಟಣೆಯಲ್ಲಿ ಹಡಗಿನ ಟಿಕೆಟ್ ಇರಲಿಲ್ಲ. ಮಹ್ರೂಫನಿಗೆ ಫೋನ್ ಮಾಡಿ ವಿಷಯ ತಿಳಿಸಿದವನು ನಾನೇ. ಒಂದೇ ಪೇಟೆಯಲ್ಲಿದ್ದ ಅವನಿಗೆ ಗೆಳೆಯ ಸತ್ತ ಸುದ್ದಿ ಖಸಬಿನಿಂದ ಹೋಗಬೇಕಾಯಿತು!

ಆಮೇಲೆ ಪುತ್ತೂರಿನಿಂದ ಬೋಜನ ಹೆಂಡತಿ ಉಮಾವತಿಯೂ ಅವನಿಗೆ ಫೋನ್ ಮಾಡಿದಳು. "ಮಹ್ರೂಫಣ್ಣ, ನಾನು ದೂರ ಇದ್ದೇನೆ. ಅವರ ಬಾಯಿಗೆ ನಮ್ಮ ತುಳಸಿಯ ನೀರು ಬಿಡಿ. ಪೆಟ್ಟಿಗೆ ಇಲ್ಲಿಗೆ ಬಂದ ಮೇಲೆ ತೆರೆಯಲಿಕ್ಕಿಲ್ಲಂತೆ." ಮಹ್ರೂಫ್ ಹೇಳಿದ್ದು ಇಷ್ಟೇ: "ಬಿಡ್ತೇನೆ ತಂಗಿ. ನೀನು ಆ ಚಿಂತೆ ಮಾಡ್ಬೇಡ." ಮರುದಿನ, ಮನೆಯಲ್ಲಿ ಹಬ್ಬದ ನೆಂಟರನ್ನು ಬಿಟ್ಟು, ಹೊಸ ಅಂಗಿಯಲ್ಲೇ, ತುಳಸಿಯ ಕುಡಿ ಒಂದು ಕೈಯಲ್ಲಿ, ಲೋಟ ಇನ್ನೊಂದು ಕೈಯಲ್ಲಿ ಶವಾಗಾರದ ಬಾಗಿಲಿಗೆ ಹೋದ.

ಆಹಾ, ಅಲ್ಲಿ ನಡೆದ ಪ್ರಸಂಗವನ್ನು ಯಾವ ನಾಟಕಕಾರ ಬರೆದಾನು! ಬಾಗಿಲಲ್ಲಿ ನಿಮ್ಮ ಸಹಕಾರ್ಯದರ್ಶಿ ಪ್ರತ್ಯಕ್ಷ.

"ಮಹ್ರೂಫ್ ಭಾಯ್, ನೀವು ಒಳಗೆ ಹೋಗುದು ಬೇಡ. ಅಧ್ಯಕ್ಷರ ಆರ್ಡರ್ ಉಂಟು. ನಮ್ಮವರು ಬರ್ತಾರೆ."

"ಯಾರು ಬರ್ತಾರೆ?"

"ಬರ್ತಾರೆ ಮಾರಾಯ್ರೆ, ಯಾರಾದ್ರೂ."

"ಪೆಟ್ಟಿಗೆ ಮುಚ್ಚುವ ಹೊತ್ತಾಯ್ತಲ್ಲ! ಸರಿ, ನಾನು ಬೇಡ. ನೀವೇ ಹೋಗಿ. ಇಕೊಳ್ಳಿ ತುಳಸಿ, ಇಕೊಳ್ಳಿ ನೀರು."

"ಅಯ್ಯೋ, ನಾನು ಹೆಣ ನೋಡ್ಲಿಕ್ಕಿಲ್ಲ. ಮನೆಯಲ್ಲಿ ಹೆಂಡತಿ ಬಸುರಿ."

ಕೇಳಿದಿರಾ ಸಭಿಕರೇ? ಒಬ್ಬನಿಗೆ ಹೋಗುವ ಮನಸ್ಸಿದೆ, ಧರ್ಮ ಬೇರೆ ಎಂದು ಬಿಡುವುದಿಲ್ಲ. ಇನ್ನೊಬ್ಬನ ಧರ್ಮ ಸರಿಯಾಗಿಯೇ ಇದೆ, ಬಸುರಿಯ ಗಂಡ ಹೆಣ ನೋಡಬಾರದೆಂಬ ಕಟ್ಟಳೆ ಬಿಡುವುದಿಲ್ಲ. ಆ ಕಟ್ಟಳೆಯನ್ನು ನಾನು ಹೀಗಳೆಯುವುದಿಲ್ಲ. ನನ್ನ ಹೆಂಡತಿ ಬಸುರಿಯಾಗಿದ್ದಾಗ ನಾನೂ ಪಾಲಿಸಿದ್ದೇನೆ. ಆದರೆ ಒಳಗೆ ಹೋಗಲಾಗದವನನ್ನು ಆರಿಸಿ ಬಾಗಿಲು ಕಾಯಲು ನಿಲ್ಲಿಸಿದ ನಿಮ್ಮ ಜಾಣತನಕ್ಕೆ ಏನೆನ್ನಲಿ? ಶವಾಗಾರದ ಒಮಾನಿ ನೌಕರ ಎರಡು ಸಲ ಹೊರಗೆ ಬಂದು ಮಹ್ರೂಫನನ್ನು ಕರೆದನಂತೆ. "ನಿನ್ನ ಭಾಯಿಯಾ? ಯಲ್ಲಾ, ಬಾ, ನೋಡು." ಈ ದೇಶದ ಕಾನೂನು ತಡೆಯಲಿಲ್ಲ, ಆಸ್ಪತ್ರೆ ತಡೆಯಲಿಲ್ಲ. ತಡೆದದ್ದು ಪುತ್ತೂರು, ಉಳ್ಳಾಲಗಳಿಂದ ನಾವು ಹೊತ್ತು ತಂದ ನಮ್ಮದೇ ಸರಕು.

ಬಾಗಿಲಿನಿಂದ ಮಹ್ರೂಫ್ ತಿಳಿಸಿದೊಡನೆ ನಾನು ನಿಮಗೆ ಫೋನ್ ಮಾಡಿದ್ದೆ, ನೆನಪಿದೆಯೇ? ಹಿಂದಿನಿಂದ ಈಜುಕೊಳದಲ್ಲಿ ಮಕ್ಕಳು ಕೇಕೆ ಹಾಕುವುದು ಕೇಳಿಸುತ್ತಿತ್ತು. "ಪೂವಪ್ಪನವರೇ, ಎಮೋಷನಲ್ ಆಗ್ಬೇಡಿ. ರೂಲ್ ಅಂದ ಮೇಲೆ ರೂಲ್" ಎಂದಿರಿ. "ರೂಲನ್ನು ಆಮೇಲೆ ನೋಡುವ. ಈಗ ಒಂದು ಮಾತು ಹೇಳಿ, ಅವನು ಒಳಗೆ ಹೋಗ್ತಾನೆ" ಎಂದು ಬೇಡಿದೆ. ಇಪ್ಪತ್ತು ವರ್ಷ ಜೀವಗಳನ್ನು ಎಳೆದುಕೊಂಡು ಹೋದ ಯಮ ಕೈ ಮುಗಿದು ಬೇಡಿದ. ಆಗ ನೀವು ಅಂದಿರಿ: "ಮುಸ್ಲಿಮ ನೀರು ಬಿಟ್ಟ ಅಂತ ನಾಳೆ ಊರಲ್ಲಿ ಗಲಾಟೆ ಆಗಿ, ಆ ಹೆಂಗಸಿನ ಮನೆ ಮುಂದೆ ಜನ ಸೇರಿದ್ರೆ ನೀವು ಜವಾಬ್ದಾರಿ ತಗೊಳ್ತೀರಾ?" ಇದೇ ಮಾತನ್ನು ನಿಮ್ಮ ಸಹಕಾರ್ಯದರ್ಶಿಯ ಬಾಯಿಂದ ಮಹ್ರೂಫನಿಗೂ ಹೇಳಿಸಿದಿರಿ. ಅವನು ಕಾಲು ಹಿಂದಿಟ್ಟದ್ದು ಅಲ್ಲಿ. ತನಗೆ ಹೆದರಿ ಅಲ್ಲ, ಉಮಾವತಿಯ ಅಂಗಳಕ್ಕೆ ಹೆದರಿ. ಒಳಗೆ "ಖಲಾಸ್" ಎಂದರು. ಪೆಟ್ಟಿಗೆ ಮುಚ್ಚಿತು. ಬರುತ್ತಾರೆಂದ ನಿಮ್ಮವರು ಬರಲೇ ಇಲ್ಲ.

"ಇನ್ನೊಂದು ಜನ ಕಳಿಸಿ" ಎಂದು ವರ್ಷವೂ ಬೇಡುತ್ತಿದ್ದ ಬೋಜ. ಇನ್ನೊಂದು ಜನ ಬಾಗಿಲಲ್ಲೇ ನಿಂತಿತ್ತು ಅಧ್ಯಕ್ಷರೇ, ಕೈಯಲ್ಲಿ ಲೋಟ ಹಿಡಿದುಕೊಂಡು.

ಇಲ್ಲಿಗೆ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ವಾರದೊಳಗೆ ನಿಮ್ಮ ಸಂತಾಪ ಸಂದೇಶ ಊರಿಗೆ ಹೋಯಿತು: "ಕೆಲವರು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದ ಕಾರಣ ಅಂತಿಮ ವಿಧಿಯಲ್ಲಿ ಲೋಪ ಉಂಟಾಗಿದ್ದು, ಕೂಟವು ವಿಷಾದಿಸುತ್ತದೆ." ಕೆಲವರು! ಹೆಸರು ಬರೆಯದೆ ಹೆಸರು ಕೆಡಿಸುವ ಕಲೆ ನಿಮಗೆ ಎಷ್ಟು ಚೆನ್ನಾಗಿ ಒಲಿದಿದೆ. ನೀರು ಬಿಡುತ್ತೇನೆಂದು ಮಾತು ಕೊಟ್ಟವನು ಒಬ್ಬನೇ ಇದ್ದಾಗ, ಆ "ಕೆಲವರು" ಯಾರೆಂದು ಉಮಾವತಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ರಜೆ ಹಾಕಿ ಊರಿಗೆ ಹೋದೆ. ಉತ್ತರಕ್ರಿಯೆಯ ದಿನ ಉಮಾವತಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದಳು:

"ಪೂವಪ್ಪಣ್ಣ, ಮಹ್ರೂಫಣ್ಣ ಎಂತ ನನ್ನ ಫೋನ್ ತೆಗೆಯುದಿಲ್ಲ? ಅವರ ಕಡೆಯವರು ಬೇಡ ಹೇಳಿದ್ರಾ? ಆಗುದಿಲ್ಲ ಅಂತಾದ್ರೆ ಮೊದಲೇ ಹೇಳ್ಬಹುದಿತ್ತಲ್ಲ. ನಾನು ಇಲ್ಲಿ ಪೆಟ್ಟಿಗೆಯ ಹಲಗೆ ಮೇಲೆ ನೀರು ಬಿಟ್ಟೆ. ಹಲಗೆ ಕುಡಿಯುತ್ತದಾ?"

ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ ಮೆಲ್ಲಗೆ ಅಂದಳು:

"ನೀವು ನಾಟಕದವರು ಅಣ್ಣ. ಗೆಳೆಯನಿಗಾಗಿ ಎಷ್ಟು ಬೇಕಾದ್ರೂ ಚೆಂದ ಮಾತು ಕಟ್ತೀರಿ. ಕೂಟದವರು ಬರೆದು ಕಳಿಸಿದ್ದು ಸುಳ್ಳಾ ಹಾಗಾದ್ರೆ?"

ಅಧ್ಯಕ್ಷರೇ, ಸಾವಿರ ಜನರ ಮುಂದೆ ಬ್ರಹ್ಮಾಂಡ ನಡುಗುವಂತೆ ಗರ್ಜಿಸಿದ ನಾನು ಆ ಅಡುಗೆಮನೆಯ ಬಾಗಿಲಲ್ಲಿ ಸೋತೆ. ನನ್ನ ದನಿಯೇ ನನಗೆ ಸಾಕ್ಷಿ ಹೇಳಲಿಲ್ಲ. ನಿಮ್ಮ ಲೆಟರ್‌ಹೆಡ್ಡಿನ ಎರಡು ಸಾಲು ನನ್ನ ಇಪ್ಪತ್ತು ವರ್ಷದ ಗಂಟಲನ್ನು ಮುಚ್ಚಿಸಿದವು. ಬರ್ಕಾಕ್ಕೆ ಮರಳಿ ಮಹ್ರೂಫನಿಗೆ ಬೈದೆ: "ಫೋನ್ ತೆಗೆದು ನಿಜ ಹೇಳು ಮಾರಾಯ!" ಅವನು ಕತ್ತರಿ ಕೆಳಗಿಟ್ಟ. "ಎಂತ ಹೇಳುದು? ಮಾತು ಕೊಟ್ಟದ್ದು ನಾನು. ಒಳಗೆ ಹೋಗದಿದ್ದದ್ದೂ ನಾನೇ ಅಲ್ವಾ? ಯಾರೋ ತಡೆದ್ರು ಅಂತ ಆ ಹುಡುಗಿಯ ಹತ್ರ ಚಾಡಿ ಹೇಳ್ಲಾ?" ಅವನು ಹೇಳುವುದಿಲ್ಲ. ನಾನು ಹೇಳಿದರೆ ಅವಳು ನಂಬುವುದಿಲ್ಲ. ಇನ್ನು ಉಳಿದವರು ನೀವೊಬ್ಬರೇ.

ಆದ್ದರಿಂದ ನನ್ನ ಬೇಡಿಕೆ ಇದು. ಗುಂಪುಗಳನ್ನು ಮತ್ತೆ ಒಂದು ಮಾಡಿ ಎಂದು ಕೇಳುವೆ, ಠರಾವನ್ನು ಹರಿಯಿರಿ ಎಂದೂ ಕೇಳುವೆ, ಆದರೆ ಅದಕ್ಕೆ ಮಹಾಸಭೆ ಇದೆ, ಜಗಳವಾಡಲು ವರ್ಷವಿಡೀ ಇದೆ. ಮೊದಲು ಒಂದು ಫೋನ್ ಮಾಡಿ. ಉಮಾವತಿಯ ನಂಬರ್ ನಿಮ್ಮಲ್ಲಿದೆ. ಸಂತಾಪ ಕಳಿಸಿದ್ದು ಆ ನಂಬರಿಗೇ. "ತಡೆದದ್ದು ನಾನು, ಮಹ್ರೂಫ್ ಬಾಗಿಲವರೆಗೆ ಬಂದಿದ್ದ" ಎಂದು ಹೇಳಿ, ಇಟ್ಟುಬಿಡಿ. ಅವಳು ಬೈಯುವವಳಲ್ಲ. ವಿವರಣೆ ಬೇಡ, ವಿಷಾದ ಬೇಡ, "ಉಂಟಾಗಿದ್ದು" ಬೇಡ. ಗಂಡನ ಬಾಯಿಗೆ ನೀರಂತೂ ಇನ್ನು ಬೀಳುವುದಿಲ್ಲ. ಅದರ ಮೇಲೆ, ಅಣ್ಣನೆಂದುಕೊಂಡವನು ಕೈಕೊಟ್ಟನೆಂಬ ಕಹಿಯನ್ನೂ ನುಂಗಿಕೊಂಡು ಅವಳು ಯಾಕೆ ಬದುಕಬೇಕು?

ಮೊನ್ನೆ ಅಂಗಡಿಯ ಹಿಂದೆ ಹೋಗಿ ನೋಡಿದೆ. ಪೈಪು ಬೋಜ ತಿರುಗಿಸಿದಂತೆಯೇ ಇದೆ, ತುಳಸಿ ತೆನೆ ಬಿಟ್ಟಿದೆ. ಸಿಟ್ಟಿನಲ್ಲಿ ಹೇಳಿದೆ, "ಇನ್ನು ಯಾರಿಗಾಗಿ ಇದು? ಕಿತ್ತು ಬಿಸಾಡು." ಮಹ್ರೂಫ್ ಡಬ್ಬವನ್ನು ಸ್ವಲ್ಪ ನೆರಳಿಗೆ ಸರಿಸಿ ಹೇಳಿದ:

"ಇರಲಿ ಮಾರಾಯ. ಅಧ್ಯಕ್ಷರಿಗೂ ಒಂದು ದಿನ ಬೇಕಾದೀತು."

ಅವನು ವ್ಯಂಗ್ಯವಾಡಲಿಲ್ಲ ಅಧ್ಯಕ್ಷರೇ. ವ್ಯಂಗ್ಯ ಬರುವುದು ನನಗೆ, ಅವನಿಗೆ ಬರುವುದಿಲ್ಲ.

ಇಂತಿ,
ರಂಗದ ಮೇಲೆ ಲೋಕವನ್ನೇ ನಡುಗಿಸಿ, ಒಬ್ಬ ಹೆಂಗಸನ್ನು ನಂಬಿಸಲಾಗದೆ ಹೋದ ಮಾಜಿ ಯಮಧರ್ಮ,
ಪೂವಪ್ಪ, ಬರ್ಕಾ