ಅವ್ವನ ಹಾಡಿನ ಮೊದಲ ಸಾಲು

ಅವ್ವಾ,

ನೀನಿಲ್ಲದ ಮೇಲೆ ಈ ಪತ್ರವನ್ನು ಯಾವ ವಿಳಾಸಕ್ಕೆ ಹಾಕಲಿ? ಆದರೂ ನಿನ್ನ ಮಗ ಮನ್ಮಥನ ಮೇಲಿನ ಸಿಟ್ಟನ್ನು ಬೇರೆ ಯಾರ ಮುಂದೆ ಹೇಳಿಕೊಳ್ಳಲಿ?

ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದಾಗಿನಿಂದ ಅವನಿಗೆ ಹಾಡು ಕಟ್ಟುವ ಹುಚ್ಚು. ಗಾಂಧಿ ಗಂಜದ ಕಾಳಿನ ಸಾಹುಕಾರರು ಹೈದರಾಬಾದಿನಿಂದ ಟೇಪ್ ರೆಕಾರ್ಡರ್ ತರಿಸಿದ್ದಾರೆ. ಅದರಲ್ಲಿ ತುಂಬಿಸಿದ ತನ್ನ ಹಾಡುಗಳನ್ನು ಮನ್ಮಥ ಇವತ್ತು ನನ್ನನ್ನು ಅವರ ಅಂಗಡಿಗೆ ಕರೆದು ಕೇಳಿಸಿದ. ರೀಲು ಮುಗಿದೀತೆಂದು ಹೆದರಿ, ರೈಲು ಹಿಡಿಯಲು ಓಡುವವನಂತೆ ಹಾಡಿದ್ದಾನೆ. ಹಾಡಿನ ತುಂಬ ಬರೀ ಕಾವೇರಿ, ಶ್ರೀಗಂಧ.

“ಹ್ಯಾಂಗದ ಅಕ್ಕಾ? ಖರೇ ಹೇಳು.”

“ದನಿ ಛಲೋ ಅದ. ಆದ್ರ ಕಾವೇರಿ ನೀ ಎಲ್ಲಿ ನೋಡಿದಿ? ಈಜು ಕಲ್ತಿದ್ದು ಮಾಂಜ್ರಾದಾಗ. ಅದನ್ನ ಹಾಡು. ಭಾಲ್ಕಿ ಮನ್ಯಾಗ ಅವ್ವ ಬೀಸ್ಕೋತ ಹಾಡ್ತಿದ್ದಳಲ್ಲ, ಹಂಗ ನಿಧಾನ ಹಾಡು.”

“ಮೈಸೂರಿನವರಿಗೆ ಮಾಂಜ್ರಾ ಎಲ್ಲಿ ಗೊತ್ತದ?”

ನನಗೆ ಮೈಯೆಲ್ಲ ಉರಿಯಿತು. “ಗೊತ್ತಿಲ್ಲ ಅಂತನ ಹಾಡಬೇಕು!” ಎಂದು ಗದರಿದೆ.

“ಹಂಗಾದ್ರ ಅವ್ವನ ಹಾಡು ನೀನ ಹಾಡಿ ತೋರಸು,” ಎಂದು ಮಶೀನು ಚಾಲೂ ಮಾಡಿದ.

ಮಾಂಜ್ರಾ ತುಂಬಿ ಬಂದಳೆಂಬ ಮೊದಲ ಸಾಲನ್ನು ಜೋರಾಗಿಯೇ ಹಾಡಿದೆ. ಎರಡನೆಯದು ಬಾಯಿಗೆ ಬರಲಿಲ್ಲ. ಮನ್ಮಥನ ಮುಖ ನೋಡಿದೆ. ಅವನು ನನ್ನ ಮುಖ ನೋಡುತ್ತಿದ್ದ. ರೀಲು ತಿರುಗುತ್ತಲೇ ಇತ್ತು.

ಈಗ ಅದರಲ್ಲಿ ನಿನ್ನ ಒಂದು ಸಾಲು ಇದೆ. ಆಮೇಲೆ ಬರೀ ತೊಗರಿ ಚೀಲ ಇಳಿಸುವ ಹಮಾಲರ ಕೂಗು.