ತಂತಿಯಿಲ್ಲದ ರಾಕೆಟ್ಟು

ಅಪ್ಪಾ,

ನೀನು ತೀರಿಹೋಗಿ ನಾಲ್ಕು ವರ್ಷವಾದರೂ, ನನ್ನ ಬೈಗುಳ ಕೇಳಿಸಿಕೊಳ್ಳುವಷ್ಟು ತಾಳ್ಮೆ ಇಲ್ಲಿ ಇನ್ನಾರಿಗೂ ಇಲ್ಲ.

ಮಲೇಷ್ಯಾದಲ್ಲಿ ನಾವಿರುವ ಸುಬಾಂಗ್ ಜಯಾದಿಂದ ಎರಡು ಗಂಟೆ ದೂರದ ಒಂದು ಸಣ್ಣ ಊರಿನಲ್ಲಿ ಹಳೇ ರೈಲ್ವೆ ಸ್ಟೇಷನ್ ಮ್ಯೂಸಿಯಂ ಆಗಿದೆಯೆಂದು ಇವತ್ತು ಹೋಗಿದ್ದೆವು. ಮ್ಯೂಸಿಯಂ ಅಂತೆ! ಮೂರು ಲಾಟೀನು ನೇತುಹಾಕಿ, ಟಿಕೆಟ್ ಕಿಟಕಿಯಲ್ಲಿ ಕೇಕು ಮಾರುತ್ತಾರೆ.

ಗಾಜಿನ ಪೆಟ್ಟಿಗೆಯಲ್ಲಿ ಉದ್ದ ಹಿಡಿಯ, ಅಗಲ ಸುತ್ತಿನ ಒಂದು ಟೋಕನ್ ಬಳೆ ಇತ್ತು. ಪಾಯಿಂಟ್ಸ್‌ಮನ್ ಆಗಿ ಮೂವತ್ತು ವರ್ಷ, ಓಡುವ ರೈಲಿನ ಡ್ರೈವರಿಗೆ ಎತ್ತಿ ಕೊಟ್ಟು, ಅವನು ಎಸೆದದ್ದನ್ನು ತೋಳಿನಲ್ಲಿ ಹಿಡಿಯುತ್ತಿದ್ದೆಯಲ್ಲ, ಅಂಥದೇ. ಅದು ಕೈಸೇರದೆ ಯಾವ ರೈಲೂ ಮುಂದಿನ ಸ್ಟೇಷನ್ನಿಗೆ ಹೋಗುವಂತಿರಲಿಲ್ಲ. ಈ ಪಂಡಿತರು ಅದರ ಕೆಳಗೆ ಬರೆದಿದ್ದಾರೆ: 'ಸ್ಟೇಷನ್ ಮಾಸ್ಟರರ ಟೆನಿಸ್ ರಾಕೆಟ್. ತಂತಿಗಳು ಕಳೆದುಹೋಗಿವೆ.' ಟೋಕನ್ ಗುಂಡು ಇಡುವ ಚರ್ಮದ ಚೀಲಕ್ಕೆ ಹಳದಿ ಟೆನಿಸ್ ಚೆಂಡು ಬೇರೆ ತುರುಕಿದ್ದಾರೆ.

"ಬ್ರಿಟಿಷ್ ಟೈಮ್ ವೆರಿ ಸ್ಪೋರ್ಟಿಂಗ್ ಲಾ," ಎಂದ ಅಲ್ಲಿಯ ಗೈಡ್, ಹಲ್ಲು ಬಿಟ್ಟುಕೊಂಡು. ಅವನ ನೀರಿಳಿಸಲು ಬಾಯಿ ತೆರೆದೆ.

ಅಷ್ಟರಲ್ಲಿ ಮಗಳು ಮಯೂರಿ, "ತಾತ ಆಲ್ಸೋ ಪ್ಲೇಡ್ ಟೆನಿಸ್, ಅಲ್ವಾ ಅಮ್ಮಾ?" ಎಂದಳು.

ಅವಳಿಗೆ ಹಾಗೆಂದು ಹೇಳಿದವಳು ನಾನೇ. ನಾನು ಓದುತ್ತಿದ್ದಾಗ ನೀನು ಮೈಸೂರಿನ ಹಾಸ್ಟೆಲಿಗೆ ಬಂದಿದ್ದೆ; ಬಳೆ ಬಡಿದು ನಿನ್ನ ತೋಳಿನ ಮೇಲೆ ಕಪ್ಪುಗಟ್ಟಿದ್ದ ಗುರುತು ನೋಡಿ ಗೆಳತಿಯರು ಕೇಳಿದ್ದರು. "ನಮ್ಮಪ್ಪ ಆಫೀಸರ್, ಕ್ಲಬ್ಬಲ್ಲಿ ಟೆನಿಸ್ ಆಡ್ತಾರೆ," ಅಂದಿದ್ದೆ ನಾನು. ಪಕ್ಕದಲ್ಲೇ ನಿಂತಿದ್ದ ನೀನು ತೋಳು ಮುಚ್ಚಿಕೊಂಡು, "ಹೂಂ ಕಣಮ್ಮಾ, ದಿನಾ ಆಡ್ತೀನಿ," ಅಂದಿದ್ದೆ.

ಗೈಡಿಗೆ ಬೆನ್ನು ತಿರುಗಿಸಿದೆ. ಮಗಳಿಗೆ, "ಹೂಂ, ದಿನಾ ಆಡ್ತಿದ್ರು," ಅಂದೆ.